ಬಚ್ಚಲ ಬಾಗಿಲಿನ ಆಯ

ಗಿರಿಜಾದೇವಿಗೆ ಸಿಟ್ಟು ಬಂದರೆ ಮೂಗಿನ ತುದಿಯಲ್ಲೇ ನಿಲ್ಲುತ್ತಿರಲಿಲ್ಲ, ಕೈಗೂ ಇಳಿಯುತ್ತಿತ್ತು. ಆ ದಿನ ಇಳಿದದ್ದು ಪೆನ್ಸಿಲಿಗೆ. ಅವಳು ಬರೆದ ಒಂದು ಸಾಲಿನ ಮೇಲೆ ಮಾಲೀಕ ಗಂಗಾಧರಯ್ಯ ಅಡ್ಡಗೆರೆ ಎಳೆದು ಹಾಳೆಯನ್ನು ತಳ್ಳಿದಾಗ, ಅವಳ ಕೈಯಲ್ಲಿದ್ದ ಪೆನ್ಸಿಲು ಲಟ್ಟನೆ ಮುರಿಯಿತು.

ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಗಂಗಾಧರಯ್ಯನವರದು ಮರದ ಬಾಗಿಲು ಮಾಡುವ ಕಾರ್ಖಾನೆ. ಅಲ್ಲಿ ನಕ್ಷೆ ಬರೆಯುವುದು ಗಿರಿಜಾಳ ಕೆಲಸ. ಅದು ಎಂಬತ್ತಾರನೇ ಇಸವಿ. ಬಸವೇಶ್ವರನಗರದಿಂದ ಕೆಂಗೇರಿಯವರೆಗೆ ಸೈಟು ಸೈಟಿಗೂ ಮನೆ ಏಳುತ್ತಿದ್ದ ಕಾಲ. ಗಿರಾಕಿಗಳಿಗೆ ತೋರಿಸಲು ಒಂದು ಕ್ಯಾಟಲಾಗು ಬೇಕೆಂದು ಗಂಗಾಧರಯ್ಯನವರಿಗೆ ಹೊಳೆಯಿತು. ಗಿರಾಕಿ ಚಿತ್ರ ನೋಡಿ ಮಾದರಿ ಆರಿಸುತ್ತಾನೆ, ಅಗಲ ಎತ್ತರ ಹೇಳುತ್ತಾನೆ, ಉಳಿದದ್ದು ನಿಯಮದ ಕೆಲಸ. ಅಗಲ ಮೂರೂವರೆ ಅಡಿ ದಾಟಿದರೆ ಜೋಡಿ ಬಾಗಿಲು. ಎತ್ತರ ಹೆಚ್ಚಿದರೆ ಇನ್ನೊಂದು ಹಿಂಜು. ಅಗಲ ತೀರಾ ಕಡಿಮೆಯಾದರೆ ಕೆತ್ತನೆ ಇಲ್ಲ. ಇಂಥವನ್ನೆಲ್ಲ ಕೂತು ಬರೆದವಳು ಗಿರಿಜಾ.

ಎಲ್ಲದರ ನೆತ್ತಿಯ ಮೇಲೆ ಕೂತದ್ದು ಮಾತ್ರ ಗಂಗಾಧರಯ್ಯನವರ ನಿಯಮ: ವಾಸ್ತುವಿನ ಆಯ. ಗಿರಾಕಿ ಕೊಟ್ಟ ಅಳತೆಯ ಲೆಕ್ಕದಲ್ಲಿ ಗಜಾಯವೋ ಧ್ವಜಾಯವೋ, ಒಟ್ಟಿನಲ್ಲಿ ಶುಭವಾದ ಆಯ ಬರಬೇಕು. ಬರದಿದ್ದರೆ ಬರುವವರೆಗೆ ಅಗಲ ಇಳಿಸುತ್ತ ಹೋಗಬೇಕು. ಹೆಚ್ಚಿಸುವಂತಿಲ್ಲ, ಗೋಡೆಯಲ್ಲಿ ಬಿಟ್ಟ ಜಾಗ ಅಷ್ಟೇ ತಾನೆ. ಗಿರಿಜಾ ಅದಕ್ಕೆ ಎದುರಾಡಿರಲಿಲ್ಲ. ಕೆಳಗೆ ಒಂದು ಸಾಲು ಸೇರಿಸಿದ್ದಳು, ಅಷ್ಟೇ: ಬಚ್ಚಲ ಬಾಗಿಲು ಎರಡೂವರೆ ಅಡಿಗಿಂತ ಕೆಳಗೆ ಇಳಿಯಕೂಡದು. ಗೆರೆ ಬಿದ್ದದ್ದು ಆ ಸಾಲಿಗೆ.

“ಬಚ್ಚಲಿಗೆ ಯಾರಮ್ಮಾ ಮೆರವಣಿಗೇಲಿ ಹೋಗ್ತಾರೆ?” ಎಂದರು ಗಂಗಾಧರಯ್ಯ. “ಒಬ್ಬ ಮನುಷ್ಯ ನುಗ್ಗಿದ್ರೆ ಸಾಕು.”

“ಕಾಲಿದ್ದೋರು ನುಗ್ತಾರೆ ಸಾರ್. ವೀಲ್‌ಚೇರ್ ನುಗ್ಗಲ್ಲ.”

“ಯಾರೋ ಒಬ್ರಿಗೋಸ್ಕರ ಆಯ ಬಿಡೋಕಾಗುತ್ತಾ?”

ಆ ಯಾರೋ ಒಬ್ಬರು ಯಾರೆಂದು ಇಬ್ಬರಿಗೂ ಗೊತ್ತಿತ್ತು. ಗಿರಿಜಾಳ ತಂಗಿ ಯಶೋದಾ, ಎಳವೆಯಲ್ಲೇ ಪೋಲಿಯೊ ಬಡಿದು ಕಾಲಿನ ಬಲ ಕಳೆದುಕೊಂಡವಳು. ವಿಜಯನಗರದ ಬಾಡಿಗೆ ಮನೆಯಲ್ಲಿ ಅವಳ ಗಾಲಿಕುರ್ಚಿ ಬಚ್ಚಲ ಬಾಗಿಲವರೆಗೆ ಬಂದು ನಿಲ್ಲುತ್ತಿತ್ತು. ಅಲ್ಲಿಂದ ಮುಂದೆ ಅಮ್ಮನೋ ಗಿರಿಜಾನೋ ಎತ್ತಿಕೊಳ್ಳಬೇಕು, ಇಬ್ಬರೂ ಇಲ್ಲದಿದ್ದರೆ ಪಕ್ಕದ ಮನೆಯವರನ್ನು ಕೂಗಬೇಕು. ಬೆಳೆದ ಹೆಣ್ಣುಮಗಳು ಯಾರಾದರೂ ಬರಲಿ ಎಂದು ಹಲ್ಲು ಕಚ್ಚಿ ತಡೆದುಕೊಂಡು ಕೂರುವುದು ನರಕ, ಬೇರೆ ಮಾತೇ ಇಲ್ಲ. ಮಧ್ಯಾಹ್ನದ ಮೇಲೆ ಅವಳು ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ಅಣ್ಣ ಚನ್ನಕೇಶವ ಬಸವೇಶ್ವರನಗರದಲ್ಲಿ ಮನೆ ಕಟ್ಟಿಸಲು ಹೊರಟಾಗ ಅವಳು ಕೇಳಿದ್ದು ಒಂದೇ: “ನಾನೊಬ್ಳೇ ಹೋಗೋ ಹಾಗೆ ಬಚ್ಚಲು ಮಾಡ್ಸಣ್ಣ.” ಅವನು “ಆಗ್ಲಿ ಕಣೇ” ಎಂದಿದ್ದ. ಹೊಸ್ತಿಲು ಇಡದೆ ನೆಲವನ್ನು ಸಪಾಟಾಗಿಯೂ ಮಾಡಿಸಿದ.

ಬಾಗಿಲಿನ ಆರ್ಡರನ್ನು ಗಿರಿಜಾ ತಾನೇ ಬರೆದುಕೊಟ್ಟಳು, ಸರಿಯಾಗಿ ಎರಡೂವರೆ ಅಡಿ. ಅಷ್ಟರಲ್ಲಿ ಅಮ್ಮ ಅಕ್ಕಯ್ಯಮ್ಮನಿಗೆ ಟೈಫಾಯ್ಡ್ ಬಂತು. ಗಿರಿಜಾ ರಜೆ ಹಾಕಿ ಮನೆಯಲ್ಲಿ ಕೂತಳು. ಅವಳಿಲ್ಲದ ಕಾರ್ಖಾನೆಯಲ್ಲಿ ನಿಯಮ ತನ್ನ ಕೆಲಸ ತಾನು ಮಾಡಿತು.

ಗೃಹಪ್ರವೇಶದ ಹಿಂದಿನ ದಿನ ಯಶೋದಾಳನ್ನು ಮೊದಲ ಸಲ ಹೊಸ ಮನೆಗೆ ಕರೆತಂದರು. ಅವಳು ದೇವರ ಮನೆ ನೋಡಲಿಲ್ಲ, ಹಾಲ್ ನೋಡಲಿಲ್ಲ. ಕುರ್ಚಿಯ ಗಾಲಿಯನ್ನು ತಾನೇ ತಿರುಗಿಸಿಕೊಂಡು ನೆಟ್ಟಗೆ ಬಚ್ಚಲಿಗೆ ಹೋದಳು. ಗಾಲಿಗಳೆರಡೂ ಚೌಕಟ್ಟಿಗೆ ಬಡಿದು ನಿಂತವು. ಹಿಂದೆ ಸರಿದು ಮತ್ತೆ ನುಗ್ಗಿದಳು. ಮತ್ತೆ ಬಡಿದವು. ಅವಳು ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು.

“ಅಣ್ಣ, ಇದು ನಾನು ಬರ್ದ ಅಳತೆ ಅಲ್ಲ,” ಎಂದಳು ಗಿರಿಜಾ.

“ಗಂಗಾಧರಯ್ಯನೋರು ನನ್ನ ಆಫೀಸಿಗೆ ಫೋನ್ ಮಾಡಿದ್ರು ಕಣೇ. ನಿನ್ನ ಅಳತೆಗೆ ಆಯ ಕೂಡ್ಲಿಲ್ವಂತೆ. ಸ್ವಲ್ಪ ಇಳಿಸಿದ್ರೆ ಗಜಾಯ ಬರುತ್ತೆ ಅಂದ್ರು. ನಾನೇ ಹೂಂ ಅಂದೆ.”

“ಇವಳು?”

“ಎತ್ಕೊಂಡು ಹೋಗೋಕೆ ನಾವಿಲ್ವಾ? ಇಷ್ಟು ವರ್ಷ ಹೋಗ್ಲಿಲ್ವಾ?”

ಇಷ್ಟು ವರ್ಷದಲ್ಲಿ ತಂಗಿಯನ್ನು ಒಂದೇ ಒಂದು ಸಲವೂ ಎತ್ತದ ಮಹಾನುಭಾವ ಆಡಿದ ಮಾತು ಇದು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ವರ ಕೊಟ್ಟವನೂ ಕಿತ್ತುಕೊಂಡವನೂ ಒಬ್ಬನೇ. ಗಿರಿಜಾಳ ಮೈ ಉರಿದುಹೋಯಿತು. ಹೊರಗೆ ಹೋಗಿ ಗಾರೆಯವರು ಮರಳಿನ ಗುಡ್ಡೆಯ ಹತ್ತಿರ ಬಿಟ್ಟಿದ್ದ ಹಾರೆ ಎತ್ತಿಕೊಂಡು ಬಂದಳು.

“ಬೆಳಗಾದ್ರೆ ಗೃಹಪ್ರವೇಶ ಕಣೇ!” ಅಕ್ಕಯ್ಯಮ್ಮ ಕೂಗಿಕೊಂಡಳು. “ಹೊಸ ಮನೆ ಬಾಗ್ಲು ಒಡೀತಾರಾ? ಅಪಶಕುನ!”

“ಇವಳು ಸಾಯೋವರ್ಗೂ ತಡ್ಕೊಂಡು ಕೂತಿರೋದು ಶಕುನಾನೇನಮ್ಮ?”

ಚನ್ನಕೇಶವ ಬಾಗಿಲಿಗೆ ಅಡ್ಡ ನಿಂತ. “ಇದು ನನ್ನ ಮನೆ. ನಾಳೆ ಗಂಗಾಧರಯ್ಯನೋರೂ ಬರ್ತಾರೆ. ಏನಂತ ಹೇಳ್ಲಿ ಅವರಿಗೆ?”

ಉತ್ತರ ಬಂದದ್ದು ಗಿರಿಜಾಳಿಂದಲ್ಲ. “ಹಾಗಾದ್ರೆ ನನ್ನ ವಾಪಸ್ ಬಿಟ್ಬಾ,” ಎಂದಳು ಯಶೋದಾ. “ನಾಳೆ ಬಂದೋರೆಲ್ಲ ಯಶೋದಾ ಎಲ್ಲಿ ಅಂತ ಕೇಳ್ತಾರೆ. ಗಜಾಯ ನುಂಗ್ತು ಅಂತ ಹೇಳು.”

ಚನ್ನಕೇಶವ ಪಕ್ಕಕ್ಕೆ ಸರಿದ.

ಅಗಲ ಇಳಿಸಿದ ಜಾಗಕ್ಕೆ ಗಾರೆಯವರು ತುಂಬಿದ್ದ ಇಟ್ಟಿಗೆ ಇನ್ನೂ ಸರಿಯಾಗಿ ಕಚ್ಚಿರಲಿಲ್ಲ. ಗಿರಿಜಾ ಹೊಡೆದಳು. ತನ್ನ ಸಾಲಿಗೆ ಬಿದ್ದ ಗೆರೆಯ ಸಿಟ್ಟನ್ನೂ ಸೇರಿಸಿ ಹೊಡೆದಳು. ಇಟ್ಟಿಗೆ ಉದುರಿದವು, ಚೌಕಟ್ಟು ವಾಲಿತು. ಅದನ್ನು ಬಾಗಿಲಿನ ಸಮೇತ ಎಳೆದು ಹಾಲ್‌ನಲ್ಲಿ ಮಲಗಿಸಿದಳು, ಚೂರುಗಳನ್ನು ಕಾಲಿನಿಂದಲೇ ಬದಿಗೆ ತಳ್ಳಿದಳು. ಯಶೋದಾ ಗಾಲಿ ತಿರುಗಿಸಿದಳು. ಕುರ್ಚಿ ಎಲ್ಲೂ ತಾಗದೆ ಒಳಗೆ ಹೋಯಿತು.

ಅಕ್ಕಯ್ಯಮ್ಮ ಅಭ್ಯಾಸಬಲದಿಂದ ಸೆರಗು ಸೊಂಟಕ್ಕೆ ಸಿಕ್ಕಿಸಿ ಎತ್ತಲು ಮುಂದೆ ಬಂದಳು.

“ಬೇಡಮ್ಮ,” ಎಂದಳು ಯಶೋದಾ. “ಅಲ್ಲೊಂದು ಸೀರೆ ಅಡ್ಡ ಕಟ್ಟಿ, ಎಲ್ರೂ ಆಚೆ ಹೋಗಿ.”

ಅಮ್ಮ ಸೀರೆ ಕಟ್ಟಿದಳು. ಚನ್ನಕೇಶವ ತಲೆ ತಗ್ಗಿಸಿ ಬೀದಿಗೆ ಇಳಿದ. ಗಿರಿಜಾ ಮಾತ್ರ, ತಂಗಿ ಕರೆದರೆ ಇರಲಿ ಎಂದು, ಏದುಸಿರು ಬಿಡುತ್ತ ಅಲ್ಲೇ ಗೋಡೆಗೆ ಒರಗಿ ನಿಂತಿದ್ದಳು.

ಸೀರೆಯ ಹಿಂದಿನಿಂದ ದನಿ ಬಂತು, “ಅಕ್ಕ, ನೀನೂ ಹೋಗು.”