ಬೆಂಚಿನ ಮೇಲೆ ಕೂರಿಸಿದವರು

ಆ ಹಾಕಿ ತರಬೇತುದಾರರ ದನಿ ಮೈದಾನದ ಬೇಲಿಯನ್ನು ದಾಟಿ, ರಸ್ತೆಯಾಚೆಯ ಔಷಧದಂಗಡಿಯವನನ್ನೂ ಬೆಚ್ಚಿಬೀಳಿಸುವಂಥದ್ದು. ಹುಡುಗಿಯರು ಅವರಿಗೆ 'ಕಹಳೆ ಮೇಡಂ' ಎಂದು ಹೆಸರಿಟ್ಟದ್ದರಲ್ಲಿ ಅತಿಶಯೋಕ್ತಿಯೇನೂ ಇರಲಿಲ್ಲ. ಬಣ್ಣಗೆಟ್ಟ ನೀಲಿ ಜಾಕೆಟ್ಟಿನ ತೋಳನ್ನು ಮೊಣಕೈವರೆಗೆ ಮಡಚಿ, ಎಡಭುಜವನ್ನು ಮುಂದೆ ಮಾಡಿಕೊಂಡು, ಯಾವುದೋ ನೂಕುನುಗ್ಗಲನ್ನು ಸೀಳಿ ಹೋಗುವವರಂತೆ ನಡೆಯುತ್ತಿದ್ದರು. ಅಷ್ಟು ಗಟ್ಟಿಯಾಗಿ ಕೂಗಿದ ಮೇಲೂ "ಕೇಳಿಸ್ತಾ?" ಎಂದು ವಿಚಾರಿಸುವುದು ಅವರ ಚಾಳಿ.

ಅಂಥವರ ದನಿ ಪಿಸುಮಾತಿಗಿಳಿದದ್ದನ್ನು ತಂಡದ ಹುಡುಗಿಯೊಬ್ಬಳ ತಾಯಿ, ಹೊಲಿಗೆಯಂಗಡಿ ನಡೆಸುವವಳು, ಕಂಡದ್ದು ಅಂತಿಮ ಪಂದ್ಯದ ದಿನ. ಎದುರಾಳಿಗೆ ಡಿಕ್ಕಿ ಹೊಡೆದು ನೆಲಕ್ಕೆ ತಲೆ ಬಡಿದುಕೊಂಡ ಮಗಳು ಕೂಡಲೇ ಎದ್ದು, ಅಂಗಿ ಕೊಡವಿಕೊಂಡು ನಕ್ಕಿದ್ದಳು. ಮೇಡಂ ಅವಳನ್ನು ಬೆಂಚಿನ ಮೇಲೆ ಕೂರಿಸಿ, ಎದುರಿಗೆ ಮಂಡಿಯೂರಿದರು.

"ಮೊದಲನೇ ಗೋಲು ಹೊಡೆದಿದ್ದು ಯಾರು ಪುಟ್ಟಾ?"

"ಇನ್ನೂ ಯಾರೂ ಹೊಡೆದಿಲ್ವಲ್ಲ ಮೇಡಂ."

ಸ್ವಲ್ಪ ಹೊತ್ತಿನ ಮುಂಚೆ ಹೊಡೆದವಳು ಅವಳೇ.

ಅಲ್ಲಿಗೆ ಅವಳ ಆಟ ನಿಂತಿತು. ದೊಡ್ಡ ತಂಡಕ್ಕೆ ಆಟಗಾರ್ತಿಯರನ್ನು ಆರಿಸಲು ಬಂದವರು ಎದುರಿಗೇ ಕೂತಿದ್ದರು. ತಾಯಿ ಕಂಗಾಲಾಗಿ ಓಡಿಬಂದಳು.

"ಚೆನ್ನಾಗೇ ಇದಾಳಲ್ಲ ಮೇಡಂ! ಇವತ್ತು ತಪ್ಪಿದ್ರೆ ಮತ್ತೆ ಯಾವಾಗ?"

"ಏಟು ತಲೆ ಒಳಗೆ ಬಿದ್ದಿದೆ ಅಮ್ಮಾ. ಇದರ ಮೇಲೆ ಇನ್ನೊಂದು ಬಿದ್ರೆ ನಾನಾಗಲಿ ನೀವಾಗಲಿ ಏನೂ ಮಾಡೋಕಾಗಲ್ಲ. ಸಿಟ್ಟು ನನ್ನ ಮೇಲಿರಲಿ, ನಡೀರಿ."

ತಂಡವನ್ನು ಸಹಾಯಕರಿಗೊಪ್ಪಿಸಿ, ತಾವೇ ಆಸ್ಪತ್ರೆಗೆ ಹೊರಟುಬಿಟ್ಟರು. ತಂಡ ಸೋತಿತು. ಆಯ್ಕೆಯಾದವರಲ್ಲಿ ಮಗಳಿರಲಿಲ್ಲ.

ತಾಯಿಯ ಸಿಟ್ಟು ಬಹಳ ದಿನ ಬಾಳಲಿಲ್ಲ. ಮಗಳು ಬೆಳಕಿಗೆ ಕಣ್ಣು ಮುಚ್ಚಿಕೊಂಡಳು, ಹೊಲಿಗೆ ಮಿಷನ್ನಿನ ಸದ್ದಿಗೇ ಅತ್ತಳು, ಓದಿದ ಸಾಲನ್ನೇ ಮತ್ತೆ ಮತ್ತೆ ಓದಿದಳು. ಮೇಡಂ ಸಂಜೆ ಬಂದು ಅಂಗಡಿಯ ಮೆಟ್ಟಿಲ ಮೇಲೆ ಕೂತು ವಿಚಾರಿಸಿಕೊಂಡು ಹೋಗುತ್ತಿದ್ದರು. ಡಾಕ್ಟರು ಒಪ್ಪಿದ ಮೇಲೂ ಮೊದಲು ಬರೀ ನಡಿಗೆ, ಆಮೇಲೆ ಓಟ, ಆಮೇಲೆ ಯಾರೂ ಮೈಮೇಲೆ ಬೀಳದಂತೆ ಒಬ್ಬಳೇ ಸ್ಟಿಕ್ಕು ಹಿಡಿಯುವುದು. ನಡುವೆ ತಲೆನೋವು ಮರುಕಳಿಸಿದಾಗ, ಮುಖ ಸಣ್ಣದು ಮಾಡಿಕೊಂಡವಳನ್ನು ಮುಲಾಜಿಲ್ಲದೆ ಮತ್ತೆ ನಡಿಗೆಗೇ ಇಳಿಸಿದರು.

"ಆಟ ಎಲ್ಲೂ ಓಡಿಹೋಗಲ್ಲ ಪುಟ್ಟಾ."

ಡಾಕ್ಟರ ಪೂರ್ಣ ಒಪ್ಪಿಗೆ ಸಿಕ್ಕಿ ಮಗಳು ಪಂದ್ಯಕ್ಕಿಳಿದ ದಿನ ತಾಯಿ ಮೈದಾನದ ಅಂಚಿಗೆ ಬಂದು, "ಮೇಡಂ, ನಿಮ್ಮಿಂದಲೇ..." ಎಂದಷ್ಟೇ ತೊದಲಿದಳು.

"ಆಯ್ತು ಆಯ್ತು, ಪಕ್ಕಕ್ಕೆ ಬನ್ನಿ, ಬಾಲ್ ಬರ್ತಾ ಇದೆ!"

'ನಾನು ಚೆನ್ನಾಗಿದ್ದೇನೆ' ಎಂಬ ಮಕ್ಕಳ ಮಾತನ್ನು ನಂಬಿಬಿಡುವುದು ಎಲ್ಲರಿಗೂ ಸುಲಭ. ಅವರ ಕಣ್ಣನ್ನು ಇನ್ನೊಮ್ಮೆ ದಿಟ್ಟಿಸಿ, ಬೈಸಿಕೊಂಡು, ಸೋತು, ಅವರನ್ನು ಕಾಯುವ ಕೆಲವರಿರುತ್ತಾರೆ. ಅಂಥವರು ಕಾಯ್ದ ಮಕ್ಕಳು, ತಪ್ಪಿಹೋದ ಅಪಾಯದ ಗಾತ್ರವನ್ನೇ ಅರಿಯದೆ ಬೆಳೆದು ದೊಡ್ಡವರಾಗಿ, ತಮ್ಮ ಪಾಡಿಗೆ ನಗುನಗುತ್ತ ಓಡಾಡಿಕೊಂಡಿರುತ್ತಾರೆ.