ಮಾತಾಡಿಸದೆ ಕಳಿಸಬಾರದು

ಆ ಬೆಳಗ್ಗೆ ಡೌರೊ ನದಿಯ ಮಂಜು ದಂಡೆ ಹತ್ತಿ ಬಂದು ಬಿಳಿ ವ್ಯಾನನ್ನು ಅರ್ಧ ನುಂಗಿತ್ತು. ಒಳಗೆ ಕೂತ ಲಿಡೂಯಿನಾಗೆ ಸೇತುವೆಯೂ ಕಾಣದು, ಔಷಧಿಗೆ ನಿಂತವರ ಸಾಲೂ ಕಾಣದು. ಮಂಜಿನಿಂದ ಮೊದಲು ಒಂದು ಕೈ ಬರುತ್ತಿತ್ತು, ಆಮೇಲೆ ಒಂದು ಮುಖ, ಆಮೇಲೆ ಒಂದು ಹೆಸರು. ತಾನಿನ್ನೂ ಹಾಸಿಗೆಯಲ್ಲೇ ಇದ್ದೇನೇನೋ ಅಂತ ಅವಳಿಗೆ ಅನುಮಾನ. ಆದರೆ ಬೆನ್ನ ಹಿಂದೆ ಕರಕರ ಅನ್ನುತ್ತಿದ್ದ ಪೆನ್ಸಿಲ್ ಮಾತ್ರ ಕನಸಲ್ಲ. ಅಲ್ಲಿ ತರಬೇತಿ ಕೊಡುವ ಎರ್ಮೆಲಿಂಡಾ ಕೂತಿದ್ದಳು. ಇವತ್ತು ಕೊನೆಯ ಪರೀಕ್ಷೆ, ಹೋದ ಸಲ ಫೇಲಾದ ಲಿಡೂಯಿನಾಗೆ ಎರಡನೆಯದು. ಮೂರನೆಯದು ಇಲ್ಲ.

ಕೆಲಸವೇನೂ ಬ್ರಹ್ಮವಿದ್ಯೆಯಲ್ಲ. ಹೆರಾಯಿನ್ ಚಟ ಬಿಡುತ್ತಿರುವವರಿಗೆ ದಿನಕ್ಕೊಂದು ಪುಟ್ಟ ಲೋಟ ಮೆಥಡೋನ್ ಔಷಧಿ ಅಳೆದು ಕೊಡಬೇಕು, ಮೇಲೆ ನೀರು ಕುಡಿಸಬೇಕು, ಕೊನೆಗೆ ಮಾತಾಡಿಸಬೇಕು. ಕೆಲವರು ಔಷಧಿಯನ್ನು ಬಾಯಲ್ಲೇ ಇಟ್ಟುಕೊಂಡು ಹೋಗಿ ಹೊರಗೆ ಉಗುಳಿ ಮಾರಿಬಿಡುತ್ತಾರಲ್ಲ, ಅದಕ್ಕೆ.

"ಹೂಂ, ಉಹೂಂ ಅನ್ನೋದು ಮಾತಲ್ಲ ಕಣೇ," ಅಂತ ಎರ್ಮೆಲಿಂಡಾ ಮೊದಲ ದಿನವೇ ಹೇಳಿದ್ದಳು. "ಎರಡು ವಾಕ್ಯ ಆಡಿಸು. ಮಾತಾಡಿಸದೆ ಒಬ್ಬನನ್ನ ಕಳಿಸಿದರೂ ನೀನು ಮನೆಗೆ."

ಇಪ್ಪತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿ ದುಡಿದ ಲಿಡೂಯಿನಾ ನಲವತ್ತಾರರಲ್ಲಿ ಇದನ್ನು ಕಲಿಯಲು ಬಂದದ್ದು ಯಾಕೆ ಅಂತ ಯಾರೂ ಕೇಳಿರಲಿಲ್ಲ. ಅವಳಿಗೊಬ್ಬ ತಮ್ಮನಿದ್ದ, ಟೆಲ್ಮೊ. ಒಂಬತ್ತು ವರ್ಷದ ಹಿಂದೆ, ಅಮ್ಮನ ಮಣ್ಣು ಮುಗಿಸಿ ಬಂದ ದಿನ, ಸೂಜಿಯ ಗುರುತಿದ್ದ ಅವನ ತೋಳು ನೋಡಿ ಅವಳು ಕಿರುಚಿದ್ದಳು: "ನಿನ್ನ ಕೊರಗಲ್ಲೇ ಅಮ್ಮ ಸತ್ತಳು. ಇನ್ನು ನನ್ನೆದುರು ಬಾಯಿ ಬಿಡಬೇಡ." ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಅವನು ಆವತ್ತೇ ಹೋದ. ಯಾವುದಾದರೂ ವ್ಯಾನಿನ ಕಿಟಕಿಗೆ ಬಂದೇ ಬರುತ್ತಾನೆ ಅನ್ನುವ ಹುಚ್ಚು ಆಸೆಯೇ ಅವಳನ್ನು ಇಲ್ಲಿಗೆ ಎಳೆದು ತಂದಿತ್ತು.

"ಇವತ್ತು ನಮ್ಮ ಲಿಡೂನ ಪರೀಕ್ಷೆ ಕಣ್ರೋ!" ಅಂತ ಸಾಲಿನ ಮುಂದಿದ್ದ ಮುದುಕ ಬಲ್ತಜಾರ್ ಮಂಜಿಗೇ ಡಂಗುರ ಹೊಡೆದ. "ಎಲ್ಲರೂ ಬಾಯಿತುಂಬ ಮಾತಾಡಿ, ಪಾಪ!"

"ನೀನು ಒಬ್ಬನೇ ಸಾಕು ಮಾರಾಯ, ಮುಂದೆ ನಡಿ," ಅಂದಳು ಲಿಡೂಯಿನಾ, ನಗುತ್ತ.

ಮುಂದಿನವನ ಹೆಸರಿನ ಚೀಟಿಯನ್ನು ಅವಳು ಎರಡು ಸಲ ಓದಿದಳು. ಬೇರೆ ವ್ಯಾನಿನಿಂದ ವರ್ಗವಾಗಿ ಬಂದವನು. ಟೆಲ್ಮೊ.

ಮಂಜು ಸರಿದು ಮುಖ ಬಂತು. ತಲೆಗೂದಲು ನರೆತಿತ್ತು. ಮೂಗು ಮಾತ್ರ ಥೇಟ್ ಅಮ್ಮನದು. ಅವನು ಅವಳನ್ನು ನೋಡಿದ. ಅವಳು ಅಳೆದಳು, ಅವನು ಕುಡಿದ. ನೀರು ಕೊಟ್ಟಳು, ಅದನ್ನೂ ಕುಡಿದ. ಎಷ್ಟು ಹೊತ್ತಾಯಿತೋ, ನದಿ ನಿಂತೇ ಹೋದ ಹಾಗಿತ್ತು. ಬಾಯಿಪಾಠ ಮಾಡಿದ್ದ ಇಪ್ಪತ್ತು ಪ್ರಶ್ನೆಗಳಲ್ಲಿ ಒಂದೂ ನಾಲಿಗೆಗೆ ಬರಲಿಲ್ಲ. ಅವಳಿಗೆ ಭಯ, ಬರೀ ಭಯ. ಕೇಳಿದರೆ ಅವನು ಏನು ಅಂದುಬಿಡುತ್ತಾನೋ! ಹೋಗು ಅಂತ ಕೈಸನ್ನೆ ಮಾಡಿದಳು.

ಹಿಂದೆ ಪೆನ್ಸಿಲ್ ಒಂದು ಗೀಟು ಎಳೆಯಿತು.

ಟೆಲ್ಮೊ ಎರಡು ಹೆಜ್ಜೆ ಹೋದ. ಮಂಜು ಅವನ ಬೆನ್ನು ಮುಚ್ಚಿತು. ಆಮೇಲೆ ಅದೇ ಮಂಜು ಅವನನ್ನು ವಾಪಸ್ ಕೊಟ್ಟಿತು.

"ಅಕ್ಕಾ," ಅಂದ ಅವನು, ಕಿಟಕಿಗೆ ಕೈಯೂರಿ. "ನನ್ನ ಮಾತಾಡಿಸ್ಲೇ ಇಲ್ವಲ್ಲೇ. ಫೇಲಾಗ್ತೀಯ."

ಅವಳ ಕಣ್ಣು ತುಂಬಿತು. "ಬೆಳಗ್ಗೆ... ಏನು ತಿಂದೆ?"

"ಬ್ರೆಡ್ಡು. ಅಮ್ಮನ ಥರ ಬೆಳ್ಳುಳ್ಳಿ ಉಜ್ಜಿ ಎಣ್ಣೆ ಹಾಕಿ ಕಾಯಿಸ್ಕೊಂಡೆ, ಸೀದು ಕರಕಲಾಯ್ತು." ಕಿಟಕಿಯ ಅಂಚನ್ನು ಉಜ್ಜುತ್ತ ಅಂದ, "ಬಾಯಿ ಬಿಡಬೇಡ ಅಂದಿದ್ದೆ ನೀನು. ಅದಕ್ಕೇ ಇಷ್ಟು ವರ್ಷ ಬಿಡಲಿಲ್ಲ."

"ತಪ್ಪಾಯ್ತು ಕಣೋ," ಅಂದಳು ಲಿಡೂಯಿನಾ. "ನಂದು ತಪ್ಪಾಯ್ತು."

"ಎರಡು ವಾಕ್ಯ ಆಯ್ತಲ್ಲ, ಜಾಗ ಬಿಡ್ರಪ್ಪಾ!" ಅಂತ ಸಾಲಿನಿಂದ ಯಾರೋ ಗೊಣಗಿದರು. "ಮುಚ್ಚೋ ಬಾಯಿ," ಅಂತ ಬಲ್ತಜಾರ್ ಗದರಿದ. ಅವನಿನ್ನೂ ಹೋಗಿರಲಿಲ್ಲ.

ಟೆಲ್ಮೊ ಹೋದ ಮೇಲೆ ಎರ್ಮೆಲಿಂಡಾ ತಾನು ಎಳೆದಿದ್ದ ಗೀಟನ್ನು ರಬ್ಬರಿನಲ್ಲಿ ಉಜ್ಜಿದಳು.

"ಸ್ವಂತದವರಿಗೆ ಔಷಧಿ ಕೊಡೋ ಹಾಗಿಲ್ಲ, ಪಾಠದಲ್ಲೇ ಇತ್ತು," ಅಂದಳು ಬಿಗಿಯಾಗಿ. ಲಿಡೂಯಿನಾ ತಲೆ ತಗ್ಗಿಸಿದಳು. "ನಾಳೆಯಿಂದ ಅವನಿಗೆ ನಾನು ಅಳೆದು ಕೊಡ್ತೀನಿ. ಮಾತಾಡಿಸೋ ಕೆಲಸ ನಿಂದು."