ಬೇರೆ ಪಾತಿಗೆ ಹೋದವಳು

ಕೊಳ್ಳೇಗಾಲದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದ ಯಶೋದ, ತಾನು ಏಳು ವರ್ಷದಿಂದ ಪಾಠ ಮಾಡುತ್ತಿದ್ದ ಇಂಗ್ಲಿಷಿನ ಹಳೆಯ ಧಾರ್ಮಿಕ ಮಹಾಕಾವ್ಯದ ಮೇಲೆ ಮೊದಲ ಸಲ ಪ್ರಬಂಧ ಬರೆದಿದ್ದಳು. ದೇವರ ತೋಟದಲ್ಲಿದ್ದ ಮೊದಲ ಗಂಡುಹೆಣ್ಣಿನ ಕಥೆ ಅದು. ಹೆಂಗಸು ಒಂಟಿಯಾಗಿದ್ದಾಗ ದೇವರ ಶತ್ರು ಬಂದು ಅವಳನ್ನು ಮರುಳು ಮಾಡುತ್ತಾನೆ; ತಿನ್ನಬಾರದ ಹಣ್ಣು ತಿಂದು ಇಬ್ಬರೂ ಹೊರಬೀಳುತ್ತಾರೆ. ಆ ದಿನ ಬೆಳಿಗ್ಗೆ ಹೆಂಗಸು ಗಂಡನಿಗೆ, ತೋಟ ಮಿತಿಮೀರಿ ಬೆಳೆಯುತ್ತಿದೆ, ಬೇರೆ ಬೇರೆ ಕಡೆ ಕೆಲಸ ಮಾಡೋಣ ಎಂದಿರುತ್ತಾಳೆ. ಅದು ಅವಳ ಅಹಂಕಾರ, ಪತನ ಶುರುವಾದದ್ದೇ ಅಲ್ಲಿಂದ ಎಂದು ಯಶೋದಳ ಕೈಗೆ ಸಿಕ್ಕ ವ್ಯಾಖ್ಯಾನಗಳೆಲ್ಲ ಹೇಳುತ್ತಿದ್ದವು.

ಹೊನ್ನೂರಿನ ಮನೆಯಲ್ಲಿ ಅವ್ವ ಶಿವಮ್ಮನಿಗೆ ಇದನ್ನು ಹೇಳಿದಾಗ, ನಲವತ್ತು ವರ್ಷ ಗದ್ದೆಯಲ್ಲಿ ಕಳೆ ಕಿತ್ತಿದ್ದ ಆಕೆ ಕೇಳಿದ್ದಿಷ್ಟೆ: "ಇಬ್ರೂ ಒಂದೇ ತಾವ ಕುಂತ್ರೆ ಮಾತೇ ಆಯ್ತದೆ, ಕಳೆ ಎಲ್ಲಿ ಕೀಳಾದು? ಆವಮ್ಮ ಕೇಳಿದ್ರಲ್ಲಿ ತಪ್ಪೇನವ್ವ?"

ವಿಚಾರ ಸಂಕಿರಣದಲ್ಲಿ ಯಶೋದ ಇದನ್ನೇ ಓದಿದಳು, ಅವ್ವನ ಹೆಸರಿನ ಸಮೇತ. ಸಭೆಯಲ್ಲಿ ನಗು ಎದ್ದಿತು. ಅಧ್ಯಕ್ಷರಾಗಿದ್ದ ನಿವೃತ್ತ ಪ್ರಾಧ್ಯಾಪಕ ಷಡಕ್ಷರಿ ಮಾತ್ರ ನಗಲಿಲ್ಲ.

"ಮುನ್ನೂರು ವರ್ಷದ ಪಾಂಡಿತ್ಯದ ಎದುರು ಕಳೆ ಕೀಳೋರ ಸಾಕ್ಷಿನಾ ಯಶೋದ?"

"ಕೆಲ್ಸದ್ ವಿಚಾರಾನ ಕೆಲ್ಸ ಮಾಡ್ದೋರ್ನೇ ಕೇಳ್ಬೇಕು ಸಾ." ಸಿಟ್ಟಿನಲ್ಲಿ ಊರಿನ ಮಾತೇ ಬಾಯಿಗೆ ಬಂತು.

"ಶತ್ರು ಹೊಂಚು ಹಾಕಿದ್ದಾನೆ, ಬೇಡ ಅಂತ ಗಂಡ ಹೇಳಲಿಲ್ವೇ?"

"ಹೇಳ್ದ. ಕೊನೆಗೆ ಹೋಗು ಅಂದೋನೂ ಅವನೇ."

ಊಟದ ಹೊತ್ತಿಗೆ ಷಡಕ್ಷರಿ ಅವಳ ಪ್ರಬಂಧ ಕೈಯಲ್ಲಿ ಹಿಡಿದು ಅವಳನ್ನು ಪಕ್ಕಕ್ಕೆ ಕರೆದರು. ದನಿ ಮೆತ್ತಗಾಗಿತ್ತು. "ಬರವಣಿಗೆ ಚೆನ್ನಾಗಿದೆ. ನಿಮ್ಮ ತಾಯಿಯ ಮಾತೊಂದು ತೆಗೆದುಬಿಡಿ, ಸಂಕಿರಣದ ಸಂಪುಟಕ್ಕೆ ಸೇರಿಸ್ತೀನಿ. ಮುಂದೆ ಕೆಲಸ ಖಾಯಂ ಆಗೋಕೂ ಅನುಕೂಲ."

ಯಶೋದಳ ಒಂದು ಬರಹವೂ ಅದುವರೆಗೆ ಅಚ್ಚಾಗಿರಲಿಲ್ಲ. ಒಂದು ಗಳಿಗೆ ಮನಸ್ಸು ತೂಗಾಡಿತು. ಆಮೇಲೆ ಕೈ ಚಾಚಿದಳು.

"ಅದನ್ನ ತೆಗೆದ್ರೆ ಇದರಲ್ಲಿ ನನ್ನದು ಅಂತ ಏನೂ ಉಳಿಯಲ್ಲ ಸರ್. ಕೊಡಿ, ವಾಪಸ್ ತಗೋತೀನಿ."

ಸಂಪುಟ ಅವಳ ಪ್ರಬಂಧವಿಲ್ಲದೆಯೇ ಹೊರಬಂತು. ಯಶೋದ ಪ್ರಬಂಧವನ್ನು ಜೆರಾಕ್ಸ್ ಮಾಡಿಸಿ ಅಂತಿಮ ವರ್ಷದ ತರಗತಿಗೆ ಹಂಚಿದಳು. ಓದಿ ಮುಗಿಸಿದ ಮೇಲೆ ಲೊಕ್ಕನಹಳ್ಳಿಯ ದೀಪ ಎದ್ದು ನಿಂತಳು.

"ಮೇಡಂ, ನಮ್ ಕಡೆ ಕಾಡಂಚ್ನಲ್ಲಿ ಒಬ್ರೇ ಹೊಲಕ್ ಹೋದ್ರೆ ಆನೆ ಬತ್ತದೆ. ಆ ಗಂಡ ಬ್ಯಾಡ ಅಂದದ್ದೇ ಸರಿ. ನೀವು ಬರ್ದಿರೋದು ನಂಗೆ ಒಪ್ಪಿಗೆ ಇಲ್ಲ."

ಯಶೋದಳಿಗೆ ಎಷ್ಟೋ ತಿಂಗಳ ಮೇಲೆ ಮನಸಾರೆ ನಗು ಬಂತು.

"ಹಾಗೇ ಬರಿ ದೀಪ. ಯಾರು ಹೇಳಿದ್ರೂ ಒಂದಕ್ಷರ ತೆಗೀಬೇಡ. ನಾನು ಹೇಳಿದ್ರೂ ಅಷ್ಟೇ."